ಆರರ ಮೇಲೊಂದು ಏಟು

ನನಗೆ ಕೋಪ ಮೂಗಿನ ತುದಿಯಲ್ಲೇ ಇರುತ್ತದೆ ಎಂದು ಅತ್ತಿಗೆ ಮನೆಗೆ ಬಂದವರಿಗೆಲ್ಲ ಹೇಳುತ್ತಾರೆ. ಹೇಳಲಿ ಬಿಡಿ. ಅದೇ ಕೋಪ ಹನ್ನೆರಡು ವರ್ಷದಿಂದ ನನಗೆ ಅನ್ನ ಹಾಕಿದೆ. ಸಿನಿಮಾದಲ್ಲಿ ನಾಯಕಿ ಮಹಡಿಯಿಂದ ಬೀಳುತ್ತಾಳಲ್ಲ, ಕಿಟಕಿಯ ಗಾಜು ಒಡೆದುಕೊಂಡು ಹೊರಗೆ ಹಾರುತ್ತಾಳಲ್ಲ, ಅದು ಅವಳಲ್ಲ, ನಾನು. ಡ್ಯೂಪ್ ಅನ್ನುತ್ತಾರೆ. ಮುಖ ತೋರಿಸುವ ಹಾಗಿಲ್ಲ, ಬೆನ್ನು ತೋರಿಸಿದರೆ ಸಾಕು. ಈ ಕೆಲಸಕ್ಕೆ ನನ್ನನ್ನು ಕರೆತಂದವನು ನನ್ನ ಅಣ್ಣ. ಏಟು ತಿನ್ನುವುದರಲ್ಲಿ, ಬೀಳುವುದರಲ್ಲಿ ಅವನದು ಎತ್ತಿದ ಕೈ.

ಅಣ್ಣ ಕಲಿಸಿದ ಮೊದಲ ಪಾಠ ಎಣಿಕೆ. ಫೈಟ್ ಮಾಸ್ಟರ್ ಆರು ಏಟು ಎಂದರೆ ಆರೇ ಏಟು. ಪ್ರತಿಯೊಂದೂ ಮೈಯಿಂದ ಒಂದು ಗೇಣು ದೂರದಲ್ಲಿ ಹಾದುಹೋಗಬೇಕು. ಕೊನೆಯ ಅಂಕಿ ಕಿವಿಗೆ ಬಿದ್ದ ಕೂಡಲೇ ಮೈ ಸಡಿಲ ಬಿಡಬೇಕು. ಕುತ್ತಿಗೆ, ದವಡೆ, ಮೊಣಕಾಲು, ಎಲ್ಲವನ್ನೂ. ಬಿಗಿ ಹಿಡಿದು ಬಿದ್ದವನ ಮೂಳೆ ಮುರಿಯುತ್ತದೆ, ಸಡಿಲ ಬಿಟ್ಟು ಬಿದ್ದವನನ್ನು ಕೆಳಗೆ ಜೋಡಿಸಿಟ್ಟ ಖಾಲಿ ರಟ್ಟಿನ ಪೆಟ್ಟಿಗೆಗಳು ನೋಡಿಕೊಳ್ಳುತ್ತವೆ. ಕೆಲವು ವರ್ಷ ಕಳೆದ ಮೇಲೆ ಇದಕ್ಕೆ ತಲೆ ಬೇಕಾಗುವುದಿಲ್ಲ, ಅಂಕಿ ಕೇಳಿದರೆ ಮೈ ತಾನಾಗಿಯೇ ಸಡಿಲಾಗುತ್ತದೆ.

ನಾಲ್ಕು ವರ್ಷದ ಹಿಂದೆ ಒಂದು ದಿನ ಗೋದಾಮಿನ ಸೆಟ್‌ನಲ್ಲಿ ನಾನೂ ಇದ್ದೆ. ಹೀರೋ ಕೈಯಲ್ಲಿ ಕಬ್ಬಿಣದ ಪೈಪು, ಅದಕ್ಕೆ ತೆಳ್ಳಗೆ ಸುತ್ತಿದ ರಬ್ಬರು. ಏಟು ತಿನ್ನುವವನು ಅಣ್ಣ. ಐದನೆಯದಕ್ಕೆ ಹೀರೋನ ಕಾಲು ಜಾರಿ ಅವನು ಕಪ್ಪೆಯ ಹಾಗೆ ಕುಪ್ಪಳಿಸಿದ. ಮೇಲೆ ಏಣಿಯಲ್ಲಿದ್ದ ಲೈಟಿನವನೊಬ್ಬ ಕಿಸಕ್ಕನೆ ನಕ್ಕ. ಹೀರೋನ ಮುಖ ಕಪ್ಪಿಟ್ಟಿತು. ಆರನೆಯದು ಗೇಣು ದೂರದಲ್ಲೇ ಹೋಯಿತು. ಮಾಸ್ಟರ್ "ಆರು" ಅಂದರು, ಅಣ್ಣ ಮೈ ಬಿಟ್ಟ, ಬಾಯಿ ತೆರೆದಿತ್ತು. ಆಗ ಹೀರೋ ಎರಡೂ ಕೈಯಲ್ಲಿ ಪೈಪು ಬೀಸಿ ಏಳನೆಯದನ್ನು ಹಾಕಿದ. ದವಡೆ ಮೂರು ತುಂಡಾಯಿತು. ನಾಲ್ಕು ಹಲ್ಲುಗಳನ್ನು ನಾನೇ ರಟ್ಟಿನ ಪೆಟ್ಟಿಗೆಗಳ ನಡುವೆ ಹುಡುಕಿ ಕರ್ಚೀಫಿನಲ್ಲಿ ಕಟ್ಟಿಕೊಂಡು ಆಸ್ಪತ್ರೆಗೆ ಓಡಿದೆ, ಯಾಕೆ ಅಂತ ಈಗಲೂ ಗೊತ್ತಿಲ್ಲ.

ಆ ಏಟಿಗೆ ಅಣ್ಣ ಕೂಗಿದ ಕೂಗು ಮೈಕಿನಲ್ಲಿ ಸಿಕ್ಕಿತ್ತು. ನಿರ್ದೇಶಕರಿಗೆ ಬಹಳ ಹಿಡಿಸಿತು. ಶಾಟ್ ಸಿನಿಮಾದಲ್ಲಿ ಉಳಿಯಿತು, ಜನ ಶಿಳ್ಳೆ ಹೊಡೆದರು, ಹೀರೋಗೆ ಪ್ರಶಸ್ತಿಯೂ ಬಂತು. ಸೌಂಡಿನವರು ಆ ಕೂಗನ್ನು ಕತ್ತರಿಸಿ ತಮ್ಮ ಭಂಡಾರದಲ್ಲಿ ಇಟ್ಟುಕೊಂಡರು. ಆಮೇಲೆ ಯಾವ ಸಿನಿಮಾದಲ್ಲಿ ಯಾರು ಬಂಡೆಯಿಂದ ಬೀಳಲಿ, ಯಾರ ಹೊಟ್ಟೆಗೆ ಚಾಕು ಇಳಿಯಲಿ, ಕೂಗು ನಮ್ಮ ಅಣ್ಣನದೇ. ಜನ ಅದನ್ನು ಫೋನಿನ ರಿಂಗ್‌ಟೋನಿಗೂ ಹಾಕಿಕೊಂಡರು. ಅಂಗಡಿಯಲ್ಲಿ ಸೋಪು ತೆಗೆದುಕೊಳ್ಳುವಾಗ ಪಕ್ಕದವರ ಜೇಬಿನಿಂದ ನನ್ನ ಒಡಹುಟ್ಟಿದವನು ಚೀರುತ್ತಿದ್ದ, ಅವರು "ಹಲೋ" ಎಂದು ಅವನ ಬಾಯಿ ಮುಚ್ಚಿಸುತ್ತಿದ್ದರು.

ತಂತಿ ಹಾಕಿ ಕೂಡಿಸಿದ ದವಡೆ ಪೂರ್ತಿ ತೆರೆಯಲೇ ಇಲ್ಲ. ಅಣ್ಣನ ಊಟವೆಲ್ಲ ಮಿಕ್ಸಿಯ ಮೂಲಕ. ಅವನ ಮಾತು ಅತ್ತಿಗೆಯನ್ನೂ ನನ್ನನ್ನೂ ಬಿಟ್ಟರೆ ಯಾರಿಗೂ ತಿಳಿಯುವುದಿಲ್ಲ. ಹೊರಗಿನವರ ಹತ್ತಿರ ಏನಾದರೂ ಹೇಳಬೇಕಾದರೆ ನನ್ನ ತೋಳು ಹಿಡಿದು ಮುಂದೆ ನಿಲ್ಲಿಸುತ್ತಿದ್ದ. ಅವನು ಗೊಣಗಿದ್ದನ್ನು ನಾನು ಬಿಡಿಸಿ ಹೇಳುತ್ತಿದ್ದೆ. ಮೆಡಿಕಲ್ ಶಾಪಿನವನ ಜೊತೆ ಜಗಳಕ್ಕೂ ನಾನೇ ಬಾಯಿ. ಆ ಜಗಳಗಳಲ್ಲಿ ನನ್ನದೂ ನಾಲ್ಕು ಮಾತು ಸೇರುತ್ತಿತ್ತು, ಸುಳ್ಳೇಕೆ ಹೇಳಲಿ.

ಎರಡು ವರ್ಷ ಕೂತು ಅವನು ಚಿತ್ರಕಥೆ ಬರೆದ. ನೂರ ಹನ್ನೆರಡು ಪುಟ. ಏಟು ತಿಂದು ಕೂಗಿದವನೊಬ್ಬ, ತನ್ನ ಕೂಗನ್ನು ತನಗೆ ವಾಪಸ್ ಕೊಡಿ ಎಂದು ಮನೆ ಮನೆ, ಆಫೀಸು ಆಫೀಸು ಅಲೆಯುವ ಕಥೆ. ಅತ್ತಿಗೆ ಟೈಪ್ ಮಾಡಿದರು. ಕೊನೆಯ ಪುಟ ಮುಗಿದ ದಿನ ಅವರು ಕಂಪ್ಯೂಟರ್ ಮುಚ್ಚಿ, "ನಿಮ್ಮಣ್ಣನ ಜೊತೆ ಒಂಬತ್ತು ವರ್ಷ ಸಂಸಾರ ಮಾಡಿದೀನಿ, ಇಷ್ಟು ಮಾತು ಒಂದೇ ಸಲ ಆಡಿದ್ದು ಇದೇ ಮೊದಲು" ಅಂದರು. ಹೇಳಿ ಅಡುಗೆಮನೆಗೆ ಹೋಗಿ ಅತ್ತರು.

ಅಣ್ಣನಿಗೆ ಬೇಕಾಗಿದ್ದುದು ಒಂದೇ. ಇದು ಸಿನಿಮಾ ಆಗಬೇಕು, ಆ ಏಟು ಎಣಿಕೆಯಲ್ಲಿ ಇರಲಿಲ್ಲ ಎಂದು ಶಿಳ್ಳೆ ಹೊಡೆದ ಜನಕ್ಕೆಲ್ಲ ತಿಳಿಯಬೇಕು.

ಒಂಬತ್ತು ಆಫೀಸಿಗೆ ಪ್ರತಿ ಕೊಟ್ಟೆವು. ಈ ಸಿನಿಮಾದವರು ಓದುವುದಿಲ್ಲ, ಸ್ವಾಮಿ. ಓದಿ ಎಂದರೆ ಮೈಮೇಲೆ ಬಿಸಿನೀರು ಬಿದ್ದ ಹಾಗೆ ಆಡುತ್ತಾರೆ. ಒಂದು ಕಡೆ ನಮ್ಮ ಪ್ರತಿ ಫ್ಯಾನಿನ ಗಾಳಿಗೆ ಬಾಗಿಲು ಬಡಿಯದ ಹಾಗೆ ಅಡ್ಡ ನಿಂತಿತ್ತು, ನಾನೇ ಕಂಡೆ. ಇಲ್ಲಿನ ಪದ್ಧತಿಯೇ ಬೇರೆ. ಬರೆದವನು ಬಂದು ಎದುರು ಕೂತು ಎಲ್ಲ ಪಾತ್ರವೂ ತಾನೇ ಆಗಿ, ಅತ್ತು, ನಕ್ಕು ಎರಡು ಗಂಟೆ ಕಥೆ ಹೇಳಬೇಕು. ಅಣ್ಣ ಒಂದು ಸಲ ಹೋಗಿದ್ದ. ಹತ್ತು ನಿಮಿಷ ಹೇಳಿದ. ಆ ಆಫೀಸಿನ ಮ್ಯಾನೇಜರ್ ನಗು ತಡೆದುಕೊಂಡು, "ಸಾರ್, ಬಾಯಲ್ಲಿರೋದು ಉಗಿದು ಬಂದು ಹೇಳಿ" ಅಂದ.

ಹಾಗಾಗಿ ಕಥೆ ಹೇಳುವ ಕೆಲಸ ನನ್ನ ತಲೆಗೆ ಬಂತು. ಅಣ್ಣ ಎರಡು ತಿಂಗಳು ತಾಲೀಮು ಕೊಟ್ಟ. ನನಗೆ ಹೇಳಲು ಬರುವುದಿಲ್ಲ, ಮಾಡಲು ಬರುತ್ತದೆ. ಕಣ್ಣೀರಿನ ದೃಶ್ಯ ಹೇಳುವಾಗ ನನ್ನ ದನಿ ಬಸ್ಸಿನ ಕಂಡಕ್ಟರನ ದನಿ. ಕೇಳಿಸಿಕೊಳ್ಳಲು ಕೂತ ಅತ್ತಿಗೆ ಮೂರನೇ ದಿನ ಕೂತಲ್ಲೇ ನಿದ್ದೆ ಹೋದರು.

ಹತ್ತನೆಯ ಆಫೀಸು ದೊಡ್ಡ ನಿರ್ಮಾಪಕರದು. ಮೊಣಕಾಲು ನೋವಿನ ಮನುಷ್ಯ, ಪಕ್ಕದಲ್ಲಿ ಹಿತ್ತಾಳೆ ಹಿಡಿಯ ದಪ್ಪ ಕೋಲು, ಕೈಯಲ್ಲಿ ಫೋನು. ನಾನು ಹೇಳುತ್ತಿದ್ದೆ, ಅವರು ಫೋನು ನೋಡುತ್ತ "ಮುಂದೆ" ಅನ್ನುತ್ತಿದ್ದರು. ಅಪ್ಪ ಸತ್ತ ದೃಶ್ಯಕ್ಕೂ "ಮುಂದೆ". ಪಕ್ಕದಲ್ಲಿ ನಿಂತ ಅವರ ಮ್ಯಾನೇಜರ್ ಕಿವಿ ಕೆರೆದುಕೊಳ್ಳುತ್ತಿದ್ದ. ಹೊಡೆದಾಟದ ಪುಟ ಬಂತು. ಮತ್ತೆ "ಮುಂದೆ". ನನ್ನ ಮೈ ಉರಿದುಹೋಯಿತು. ಎದ್ದು ಮ್ಯಾನೇಜರನ ಕಾಲರ್ ಹಿಡಿದೆ, ಸೊಂಟಕ್ಕೆ ಸೊಂಟ ಕೊಟ್ಟು ಎತ್ತಿ ಸೋಫಾದ ಆಚೆಗೆ ಎಸೆದೆ. ಅವನು ಬೀಳುವ ಜಾಗಕ್ಕೆ ಮೊದಲೇ ದಿಂಬೊಂದನ್ನು ಕಾಲಿನಿಂದ ತಳ್ಳಿದ್ದೆ, ಅಷ್ಟು ಎಚ್ಚರ ಇತ್ತು. ಆದರೂ ಟೀಪಾಯಿಗೆ ಅವನ ಹುಬ್ಬು ತಾಗಿ ರಕ್ತ ಸುರಿಯಿತು.

ನಿರ್ಮಾಪಕರು ಫೋನು ಕೆಳಗಿಟ್ಟರು.

"ಮೊದಲಿಂದ ಹೇಳಮ್ಮ" ಅಂದರು.

ಮೊದಲಿಂದ ಹೇಳಿದೆ, ಎಲ್ಲ ಹೊಡೆದಾಟವನ್ನೂ ಮಾಡಿ ತೋರಿಸಿದೆ. ಕೊನೆಗೆ ಅವರು ಕನ್ನಡಕ ಒರೆಸಿಕೊಂಡು, "ಗುರುವಾರ ಹನ್ನೊಂದಕ್ಕೆ ಬಾ. ಹೀರೋನ ಕರೆಸ್ತೀನಿ. ಇದಕ್ಕೆ ಅವನೇ ಸರಿ" ಅಂದರು. ಆಮೇಲೆ ಆ ಹೀರೋನ ಹೆಸರು ಹೇಳಿದರು. ಅದು ಅವನೇ, ಅಣ್ಣನ ದವಡೆ ಮುರಿದವನು.

ಮನೆಯಲ್ಲಿ ಹೇಳಿದೆ. ಅತ್ತಿಗೆ, "ಬೇಡ, ಬೇರೆ ಯಾರ ಹತ್ರನಾದ್ರೂ ಹೋಗಿ" ಅಂದರು. ಅಣ್ಣ ಲೋಟದಲ್ಲಿನ ಗಂಜಿ ಕುಡಿದು ಮುಗಿಸಿದ.

"ಹೋಗೋಣ" ಅಂದ. "ಅವನು ಕೇಳಲಿ. ಅದು ಎಣಿಕೆಯಲ್ಲಿ ಇರಲಿಲ್ಲ ಅಂತ ಅವನ ಬಾಯಿಂದಾನೇ ಬರಲಿ."

ಗುರುವಾರ ಅಣ್ಣ ನನ್ನ ಜೊತೆ ಬಂದ. ಮುಖದ ಕೆಳಭಾಗಕ್ಕೆ ಮಫ್ಲರ್ ಸುತ್ತಿಕೊಂಡು ಗಾಜಿನ ಬಾಗಿಲಿನ ಹೊರಗೆ, ಮೊಗಸಾಲೆಯ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತ. ಹೀರೋ ಅವನ ಮೊಣಕಾಲು ದಾಟಿಕೊಂಡೇ ಒಳಗೆ ಬಂದ, ನೋಡಲೂ ಇಲ್ಲ. ಕೂತು ಕಥೆ ಕೇಳಿದ. ನಿಜ ಹೇಳುತ್ತೇನೆ, ಚೆನ್ನಾಗಿಯೇ ಕೇಳಿದ. ಫೋನು ಮುಟ್ಟಲಿಲ್ಲ. ಆಸ್ಪತ್ರೆಯ ದೃಶ್ಯಕ್ಕೆ ಅವನ ಕಣ್ಣಲ್ಲಿ ನೀರು ಬಂತು. ನಾನು ಆ ಪುಟವನ್ನು ಟೀಪಾಯಿಯ ಮೇಲೆ ಮಗುಚಿಟ್ಟು ಮುಂದಕ್ಕೆ ಹೋದೆ.

"ಇದು ನಿಜವಾಗ್ಲೂ ನಡೆದದ್ದಾ?" ಅಂದ.

"ನಡೆದದ್ದೇ ಸಾರ್."

"ಅಯ್ಯೋ ಪಾಪ. ಯಾವ ನಾಯಿ ಕಣಮ್ಮ ಹಾಗೆ ಮಾಡಿದ್ದು? ಮಾಡಿದವನನ್ನ ಇವತ್ತಿಗೂ ಇಂಡಸ್ಟ್ರಿಯಲ್ಲಿ ಇಟ್ಕೊಂಡಿದಾರಾ?"

ಅವನಿಗೆ ನೆನಪೇ ಇರಲಿಲ್ಲ. ನಾಲ್ಕು ವರ್ಷ ನಾವು ಅವನ ಹೆಸರು ಕೇಳಿದರೆ ಹಲ್ಲು ಕಡಿಯುತ್ತಿದ್ದೆವು, ಅವನ ತಲೆಯಲ್ಲಿ ನಮಗೆ ಒಂದು ಮೂಲೆಯೂ ಇರಲಿಲ್ಲ. ಅವನೇ ಎಂದು ಆಗಲೇ ಹೇಳಿಬಿಡಬೇಕು ಅನ್ನಿಸಿತು. ನೂರ ಹನ್ನೆರಡು ಪುಟ ನೆನಪಾಗಿ ನಾಲಿಗೆ ಕಚ್ಚಿಕೊಂಡೆ. "ಇದ್ದಾನೆ ಸಾರ್" ಎಂದಷ್ಟೇ ಹೇಳಿದೆ.

"ಆ ಏಟಿನ ಸೀನು ಮಾಡಿ ತೋರಿಸಮ್ಮ" ಅಂದರು ನಿರ್ಮಾಪಕರು. ಮ್ಯಾನೇಜರ್ ಹುಬ್ಬಿನ ಪಟ್ಟಿ ಮುಟ್ಟಿಕೊಂಡು ಎರಡು ಹೆಜ್ಜೆ ಹಿಂದೆ ಸರಿದ. ಹೀರೋ ನಗುತ್ತ ಕೋಟು ಬಿಚ್ಚಿದ.

"ನಾನೇ ಆ ನಾಯಿ ಆಗ್ತೀನಿ. ಕೋಲು ಕೊಡಿ."

ಪುಟಗಳಿದ್ದ ಟೀಪಾಯಿ ಪಕ್ಕಕ್ಕೆ ಸರಿಸಿದೆವು. ಅವನಿಗೆ ಆರೂ ಏಟು ನಿಧಾನವಾಗಿ ಹೇಳಿಕೊಟ್ಟೆ. "ಏಳನೇದು ಗೇಣು ದೂರದಲ್ಲಿ ನಿಲ್ಲಿಸಿ ಸಾರ್, ತೋರಿಸೋಕೆ ಅಷ್ಟೇ" ಎಂದು ಎರಡು ಸಲ ಹೇಳಿದೆ. "ಗೊತ್ತು ಬಿಡಮ್ಮ, ಹದಿನೈದು ವರ್ಷದಿಂದ ಇದೇ ಮಾಡ್ತಿದೀನಿ" ಅಂದ.

ಎಣಿಸುತ್ತ ಶುರು ಮಾಡಿದೆ. ಒಂದು, ಎರಡು, ಮೂರು. ಕೋಲು ಕಿವಿಯ ಪಕ್ಕ ಸುಂಯ್ ಎಂದು ಹೋಗುತ್ತಿತ್ತು. ನಾಲ್ಕಕ್ಕೆ ಗೋಡೆಗೆ ಬಡಿದುಕೊಂಡೆ, ಒಂದು ಚೌಕಟ್ಟು ಕೆಳಗೆ ಬಿದ್ದು ಗಾಜು ಚೂರಾಯಿತು. ಐದಕ್ಕೆ ಅವನು ಹಿಂದಕ್ಕೆ ಎತ್ತಿದ ಕೋಲು ಕಿಟಕಿಯ ಪರದೆಗೆ ಸಿಕ್ಕಿಕೊಂಡಿತು. ಎಳೆದ, ಬರಲಿಲ್ಲ. ಮತ್ತೆ ಎಳೆದ, ಪರದೆ ಸರಳಿನ ಸಮೇತ ಅವನ ತಲೆ ಮೇಲೆ ಬಿತ್ತು. ಮ್ಯಾನೇಜರ್ ಕಿಸಕ್ಕನೆ ನಕ್ಕ.

ಪರದೆ ಸರಿಸಿ ಹೊರಬಂದ ಮುಖವನ್ನು ನೋಡಿದೆ. ಆ ಮುಖ ನನಗೆ ಗೊತ್ತಿತ್ತು. ನಿಲ್ಲಿಸಬಹುದಿತ್ತು. ಆದರೆ ಹನ್ನೆರಡು ವರ್ಷದ ಅಭ್ಯಾಸ, ಎಣಿಕೆ ನಡುವೆ ನಿಲ್ಲಿಸಿ ಗೊತ್ತಿಲ್ಲ. ಬಾಯಿ "ಆರು" ಅಂದಿತು. ಕೋಲು ಹಾದುಹೋಯಿತು. ಏಳನೆಯದು ಬರುತ್ತದೆ ಎಂದು ತಲೆಗೆ ಚೆನ್ನಾಗಿ ಗೊತ್ತು, ಆದರೆ ಮೈ ಅಂಕಿ ಕೇಳಿಸಿಕೊಂಡು ತಾನಾಗಿ ಸಡಿಲಾಯಿತು. ಅಣ್ಣನ ಮೈಯೂ ಹೀಗೆಯೇ ಅವನಿಗೆ ಕೈಕೊಟ್ಟಿರಬೇಕು. ಮುಖ ಮಾತ್ರ ಹೇಗೋ ತಿರುಗಿಸಿದೆ. ಹಿತ್ತಾಳೆಯ ಹಿಡಿ ನನ್ನ ಎಡಗಡೆಯ ಕಾಲರ್ ಮೂಳೆಯ ಮೇಲೆ ಬಿತ್ತು. ಅದು ಮುರಿದ ಸದ್ದು ಕೋಣೆಯಲ್ಲಿದ್ದ ಎಲ್ಲರಿಗೂ ಕೇಳಿಸಿತು.

ಕಣ್ಣಿಗೆ ಕತ್ತಲೆ ಕಟ್ಟಿತು. ಬಾಯಿಗೆ ಬಂದ ಕೂಗನ್ನು ಹಲ್ಲು ಕಚ್ಚಿ ಒಳಗೇ ತಡೆದೆ. ನಮ್ಮ ಮನೆಯಿಂದ ಒಂದು ಕೂಗು ಇವರಿಗೆ ಹೋಗಿದೆ, ಇನ್ನೊಂದು ಕೊಡುವುದಿಲ್ಲ. ಅಷ್ಟೇ ಇದ್ದದ್ದು ತಲೆಯಲ್ಲಿ. ನೆಲಕ್ಕೆ ಬಿದ್ದೆ, ಗಾಜಿನ ಚೂರುಗಳು ಅಂಗೈಗೆ ಹೊಕ್ಕವು, ತುಟಿ ಕಚ್ಚಿದ್ದಕ್ಕೆ ಬಾಯಲ್ಲಿ ರಕ್ತದ ರುಚಿ. ಕೂಗಲಿಲ್ಲ.

ಆಗ ಮೊಗಸಾಲೆಯಿಂದ ಆ ಕೂಗು ಕೇಳಿಸಿತು.

ಮ್ಯಾನೇಜರ್ ಜೇಬಿಗೆ ಕೈ ಹಾಕಿ ಫೋನು ತೆಗೆದ. ನೋಡಿದ. ಯಾರೂ ಕರೆ ಮಾಡಿರಲಿಲ್ಲ. ಕೂಗು ನಿಲ್ಲಲಿಲ್ಲ. ನಿರ್ಮಾಪಕರು ಗರ ಬಡಿದವರಂತೆ ಬಾಗಿಲ ಕಡೆ ತಿರುಗಿದರು. ಮೂವತ್ತು ಸಿನಿಮಾದಲ್ಲಿ ಕೇಳಿದ ಕೂಗಿಗೆ ಒಂದು ಬಾಯಿ ಇದೆ ಎಂದು ಅವರಿಗೆ ಹೊಳೆದಿರಲಿಲ್ಲ. ಗಾಜಿನ ಬಾಗಿಲು ಗೋಡೆಗೆ ಬಡಿದು, ಮಫ್ಲರ್ ಜಾರಿದ ಅಣ್ಣ ಒಳಗೆ ಬಂದ. ಸೊಟ್ಟ ದವಡೆ, ಅದರ ಮೇಲಿನ ಹೊಲಿಗೆಯ ಗುರುತು, ಎಲ್ಲ ಕಾಣುತ್ತಿತ್ತು.

"ನೀನಾ" ಅಂದ ಹೀರೋ. ನೆನಪಾಯಿತು ಅವನಿಗೆ. ಅವನ ಮುಖದ ನೀರಿಳಿದುಹೋಯಿತು.

ಅಣ್ಣ ಅವನ ಕೈಯಿಂದ ಕೋಲು ಕಿತ್ತು ಮೂಲೆಗೆ ಎಸೆದು ಬರಿಗೈಯಲ್ಲಿ ಹೊಡೆದ. ಜೀವಮಾನವೆಲ್ಲ ಗೇಣು ದೂರದಲ್ಲಿ ಹೊಡೆದವನು ಅಂದು ಆ ಗೇಣನ್ನು ಬಿಟ್ಟುಬಿಟ್ಟ. ಮೊದಲನೆಯದು ಮೂಗಿಗೆ. ಎರಡನೆಯದು ಬಾಯಿಗೆ, ತುಟಿ ಸೀಳಿತು. ಮೂರನೆಯದಕ್ಕೆ ಹೀರೋ ಟೀಪಾಯಿಯ ಮೇಲೆ ಬಿದ್ದು ಅದರ ಕಾಲು ಮುರಿಯಿತು. ನಾಲ್ಕು, ಐದು, ಪಕ್ಕೆಗೆ. ಅಣ್ಣ ಏನೋ ಗೊಣಗುತ್ತಿದ್ದ, ಕೋಣೆಯಲ್ಲಿ ಯಾರಿಗೂ ಅರ್ಥವಾಗಲಿಲ್ಲ, ನನಗಾಯಿತು. ಎಣಿಸುತ್ತಿದ್ದ. ಆರನೆಯದು ಕೆನ್ನೆಗೆ ಬಿತ್ತು. ಹೀರೋ ಕೈ ಅಡ್ಡ ಹಿಡಿಯುವುದನ್ನೂ ಬಿಟ್ಟು ಕೂತಿದ್ದ. ಅಣ್ಣನ ಮುಷ್ಟಿ ಮತ್ತೆ ಮೇಲೆ ಹೋಯಿತು, ಅಲ್ಲೇ ನಿಂತಿತು. ಆಮೇಲೆ ಅವನು ಅದನ್ನು ಇಳಿಸಿ ನನ್ನ ಪಕ್ಕ ಕೂತು, ಮಫ್ಲರಿನಿಂದ ನನ್ನ ತೋಳನ್ನು ಎದೆಗೆ ಕಟ್ಟಿದ.

ಮ್ಯಾನೇಜರ್ ಪೊಲೀಸರಿಗೆ ಫೋನು ಮಾಡಲು ಹೊರಟ. ಹೀರೋ ಬೇಡವೆಂದು ಕೈಯಾಡಿಸಿದ. ಕರ್ಚೀಫು ಮೂಗಿಗೆ ಒತ್ತಿಕೊಂಡು ಸೋಫಾಗೆ ಒರಗಿದ. ಎಲ್ಲರೂ ಏದುಸಿರು ಬಿಡುತ್ತಿದ್ದೆವು. ನಿರ್ಮಾಪಕರು ಬಗ್ಗಿ, ನೆಲದ ಮೇಲೆ ಚೆಲ್ಲಿದ್ದ ಪುಟಗಳನ್ನು ಒಂದೊಂದಾಗಿ ಎತ್ತಿ ಜೋಡಿಸಿದರು. ಚಿತ್ರಕಥೆಯನ್ನು ಒಬ್ಬ ನಿರ್ಮಾಪಕ ಕೈಯಿಂದ ಮುಟ್ಟಿದ್ದನ್ನು ನಾನು ನೋಡಿದ್ದು ಅದೇ ಮೊದಲು.

"ಮಾಡೋಣ" ಅಂದರು.

ಹೀರೋ ತಲೆಯಾಡಿಸಿದ. "ಏಟು ತಿನ್ನೋ ಆ ಪಾತ್ರ ನಾನೇ ಮಾಡ್ತೀನಿ. ತಪ್ಪು ನಂದೇ ಅಂತ ಸಿನಿಮಾ ಕೊನೇಲಿ ನಾನೇ ಬಂದು ಹೇಳ್ತೀನಿ. ಬೇಕಾದ್ರೆ ಬರೆದು ಕೊಡ್ತೀನಿ." ಸುಳ್ಳು ಹೇಳುತ್ತಿರಲಿಲ್ಲ. ಅವನ ಕಣ್ಣಲ್ಲಿ ನಾಚಿಕೆ ಇತ್ತು, ಅದರ ಪಕ್ಕದಲ್ಲೇ ಇನ್ನೊಂದು ಪ್ರಶಸ್ತಿಯೂ ಇತ್ತು. ನನಗೆ ನೋವಿನಲ್ಲೂ ನಗು ಬಂತು. ನಮಗೆ ಬೇಕಾಗಿದ್ದುದು ಇದೇ ಅಲ್ಲವೇ. ನಾಲ್ಕು ವರ್ಷದ ಮೇಲೆ, ಅವನ ಬಾಯಿಂದಲೇ ಬಂತು.

"ಒಂದೇ ವಿಷಯ" ಅಂದರು ನಿರ್ಮಾಪಕರು. "ಆ ಏಳನೇ ಏಟು ಪೊಳ್ಳಾಗಿ ತೆಗೆದರೆ ಸಿನಿಮಾ ನಿಲ್ಲಲ್ಲ. ಈಗ ನೋಡಿದ್ನಲ್ಲ. ಹಾಗೇ ಬೀಳಬೇಕು. ಹೀರೋಗೆ ಅದನ್ನ ತಿನ್ನೋಕೆ ಆಗಲ್ಲ, ಅದಕ್ಕೆ ಡ್ಯೂಪ್ ಹಾಕೋಣ. ಗಟ್ಟಿಯಾದವನು ಯಾರಾದ್ರೂ ಸಿಕ್ತಾನೆ. ಇಲ್ಲಾಂದ್ರೆ ಮೂಳೆ ಕೂಡಿದ ಮೇಲೆ ಇವಳೇ ತಿನ್ನಲಿ. ಬಾಯಿ ಬಿಡಲ್ಲ ಇವಳು."

ಅಣ್ಣ ಅವರ ಮುಖ ನೋಡಿದ. ಆಮೇಲೆ ಹೀರೋನ ಮುಖ. ಹೀರೋ ನೆಲ ನೋಡುತ್ತಿದ್ದ, ಬೇಡ ಅನ್ನಲಿಲ್ಲ. ಅಣ್ಣ ಮಾತಾಡಿದ. ಬೇಗ ಬೇಗ, ಮುರಿದ ದವಡೆಯಲ್ಲಿ ಪದಗಳು ಒಂದರ ಮೇಲೊಂದು ಬಿದ್ದವು.

"ಏನಂತೆ?" ಅಂದರು ನಿರ್ಮಾಪಕರು ನನ್ನ ಕಡೆ ತಿರುಗಿ.

ಅವನು ಹೇಳಿದ್ದು ಇಷ್ಟು: "ಕೊಡಲ್ಲ. ಆ ಏಟು ಮತ್ತೊಬ್ಬನಿಗೆ ಬೀಳೋದಾದ್ರೆ ಈ ಸಿನಿಮಾ ಬೇಡ. ಕಾಗದ ತಗೊಂಡು ಏಳು, ಹೋಗೋಣ."

ಅದು ನನಗೊಬ್ಬಳಿಗೇ ಗೊತ್ತಿತ್ತು. ಕೋಣೆಯಲ್ಲಿ ಎಲ್ಲರೂ ನನ್ನ ಬಾಯಿಯನ್ನೇ ನೋಡುತ್ತಿದ್ದರು. ಒಪ್ಪಿದ್ದಾನೆ ಎಂದು ನಾನು ಹೇಳಿದರೆ ಅವನು ಒಪ್ಪಿದ ಹಾಗೆಯೇ. ಅವನು ಎಷ್ಟು ಕೂಗಾಡಿದರೂ ಅವರಿಗೆ ಅದು ಗೊಣಗು. ನಾನು ಯೋಚಿಸಿದೆ. ಎರಡು ವರ್ಷ ಅವನು ಬರೆದದ್ದು, ಅತ್ತಿಗೆ ಅಡುಗೆಮನೆಯಲ್ಲಿ ಅತ್ತದ್ದು, ಬಾಗಿಲಿಗೆ ಅಡ್ಡ ನಿಂತ ಪುಟಗಳು. ಒಂದು ಏಟು ತಾನೇ, ನಾನೇ ತಿನ್ನುತ್ತೇನೆ, ನನ್ನ ಇನ್ನೊಂದು ಕಡೆಯ ಮೂಳೆ ಇದೆಯಲ್ಲ ಅಂದುಕೊಂಡೆ. "ಒಪ್ಪಿ" ಎನ್ನುವವರೆಗೆ ನಾಲಿಗೆಗೆ ಬಂದಿತ್ತು.

"ಕೊಡಲ್ಲ ಅಂತಾನೆ ಸಾರ್" ಅಂದೆ.

ಸರಿಯಾಗಿಯೇ ಹೇಳಿದೆ, ಒಂದು ಪದವೂ ಆಚೀಚೆ ಮಾಡಲಿಲ್ಲ. ಆದರೆ ತಡವಾಗಿ ಹೇಳಿದೆ. ಆ ತಡದಲ್ಲಿ ಅಣ್ಣ ನನ್ನ ಮುಖವನ್ನು ನೋಡುತ್ತಿದ್ದ. ಅಷ್ಟು ಹೊತ್ತು ಯಾಕೆ ಬೇಕಾಯಿತು ಎಂದು ಅವನಿಗೆ ಗೊತ್ತಾಯಿತು. ಪುಟಗಳನ್ನು ಅವನೇ ತೆಗೆದುಕೊಂಡ. ಆಸ್ಪತ್ರೆಗೆ ಹೋಗುವಾಗ ಟ್ಯಾಕ್ಸಿಯಲ್ಲಿ ನನ್ನ ತೋಳಿಗೆ ಆನಿಕೆಯಾಗಿ ತನ್ನ ಕೈ ಕೊಟ್ಟಿದ್ದ, ಕಿಟಕಿಯ ಹೊರಗೆ ನೋಡುತ್ತಿದ್ದ.

ಮೂಳೆ ಎಂಟು ವಾರಕ್ಕೆ ಕೂಡಿಕೊಂಡಿತು. ನಾನು ಮತ್ತೆ ಬೀಳುವ ಕೆಲಸಕ್ಕೆ ಹೋಗುತ್ತಿದ್ದೇನೆ. ಮನೆಯಲ್ಲಿ ಅಣ್ಣ ನನ್ನ ಜೊತೆ ಮಾತಾಡುತ್ತಾನೆ, ಜಗಳವಾಡುತ್ತಾನೆ, ಎಲ್ಲ ಮೊದಲಿನ ಹಾಗೆಯೇ. ಆದರೆ ಮೆಡಿಕಲ್ ಶಾಪಿಗೆ ಹೋದರೆ ಜೇಬಿನಿಂದ ಚೀಟಿ ತೆಗೆದು, ತಾನೇ ಬರೆದು, ತಾನೇ ಕೈ ಚಾಚಿ ಕೊಡುತ್ತಾನೆ. ನಾನು ಪಕ್ಕದಲ್ಲೇ ನಿಂತಿರುತ್ತೇನೆ.